ದೊಡ್ಡ ವಿಮಾನ ಇಳಿದ ಮೇಲೆ ಅದರ ಹಿಂದೆಯೇ ಚಿಕ್ಕ ವಿಮಾನ ಇಳಿಯುವುದು: ಸೋಗಾನೆ ರನ್‌ವೇ ಇಟ್ಟುಕೊಂಡು ಒಂದು ಚರ್ಚೆ

ಗಾಜನೂರು ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಪೈಲಟ್ ತರಬೇತಿಯಲ್ಲಿದ್ದೇನೆ. ಬೇರೆ ಊರಲ್ಲಿ ಸೆಸ್ನಾ 172 ಅನ್ನುವ ಚಿಕ್ಕ ವಿಮಾನ ಹಾರಿಸುತ್ತಾ ಕಲಿಯುತ್ತಿದ್ದೇನೆ. ರಜೆಗೆ ಮನೆಗೆ ಬಂದಾಗ ಸೋಗಾನೆಯ ಶಿವಮೊಗ್ಗ ವಿಮಾನ ನಿಲ್ದಾಣದ ಕಡೆ ಹೋಗಿ ರಸ್ತೆ ಬದಿ ನಿಂತು ಎಟಿಆರ್ (ಫ್ಯಾನ್ ಇರುವ ಪ್ರಯಾಣಿಕರ ವಿಮಾನ) ಇಳಿಯುವುದನ್ನು ನೋಡುವುದು ನನಗೆ ಅಭ್ಯಾಸ.

ನನ್ನ ಪ್ರಶ್ನೆ ಇದು. ನಾವು ತರಬೇತಿ ಮಾಡುವ ಕಡೆಯೂ ಎಟಿಆರ್ ಬರುತ್ತದೆ. ಅದರ ಹಿಂದೆ ನಾವು ಇಳಿಯಬೇಕಾದರೆ ಟವರ್‌ನಿಂದ 'ವೇಕ್ ಟರ್ಬುಲೆನ್ಸ್, ಎಚ್ಚರಿಕೆ' ಅನ್ನುತ್ತಾರೆ, ಅಂದರೆ ಮುಂದಿನ ವಿಮಾನ ತನ್ನ ಹಿಂದೆ ಬಿಟ್ಟುಹೋಗುವ ಗಾಳಿಯ ಕಲಕಾಟ. ಅದೇ ಉಸಿರಿನಲ್ಲಿ ಇಳಿಯಲು ಅನುಮತಿಯನ್ನೂ ಕೊಡುತ್ತಾರೆ. ಅಪಾಯ ಇದ್ದರೆ ಅನುಮತಿ ಯಾಕೆ? ಇಲ್ಲದಿದ್ದರೆ ಎಚ್ಚರಿಕೆ ಯಾಕೆ? ಪುಸ್ತಕದಲ್ಲಿ 3 ನಿಮಿಷ, 5 ಮೈಲಿ ಅಂತೆಲ್ಲ ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದೂ ಇದ್ದೇನೆ. ಆದರೆ ಕೈಯಲ್ಲಿ ಕಂಟ್ರೋಲ್ ಹಿಡಿದು ಕೂತಾಗ ಏನು ಮಾಡಬೇಕು, ಯಾಕೆ ಮಾಡಬೇಕು ಅನ್ನುವುದು ಇನ್ನೂ ಮನಸ್ಸಿಗೆ ಹತ್ತಿಲ್ಲ. ಸೋಗಾನೆಯ ರನ್‌ವೇ 3,200 ಮೀಟರ್ ಉದ್ದ ಇದೆ, ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಇದೇ ಉದ್ದ. ನಾಳೆ ನಾನೇ ಇಲ್ಲಿ ಎಟಿಆರ್ ಹಿಂದೆ ಚಿಕ್ಕ ವಿಮಾನದಲ್ಲಿ ಬಂದೆ ಅಂದುಕೊಳ್ಳಿ, ಆಗ ಹೇಗೆ ಇಳಿಯಬೇಕು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಭದ್ರಾವತಿಯಿಂದ

ನಾನು ಈ ಕ್ಷೇತ್ರದವನಲ್ಲ, ಓದುವ ಆಸಕ್ತಿ ಅಷ್ಟೆ. ಇಂಜಿನ್ ಹಿಂದಕ್ಕೆ ತಳ್ಳುವ ಗಾಳಿ ಬಗ್ಗೆ ತಾನೇ ನೀವು ಹೇಳ್ತಿರುವುದು? ಇಳಿಯುವಾಗ ಇಂಜಿನ್ ಶಕ್ತಿ ಕಡಿಮೆ ಮಾಡಿರುತ್ತಾರಲ್ಲ, ಹಾಗಾದರೆ ಅಪಾಯವೂ ಕಡಿಮೆ ಆಗಬೇಕು ಅಲ್ವಾ?

ಸಾಗರದ ಮೇಷ್ಟ್ರು

ಬಹಳ ಜನ ಹೀಗೇ ಅಂದುಕೊಂಡಿರುತ್ತಾರೆ. ನಾನು ಫಿಸಿಕ್ಸ್ ಪಾಠ ಮಾಡುವವನು, ಪೈಲಟ್ ಅಲ್ಲ. ಕಾರಣವನ್ನು ನಾನು ಹೇಳುತ್ತೇನೆ, ಹಾರಿಸುವುದನ್ನು ಹಾರಿಸುವವರೇ ಹೇಳಲಿ.

ಈ ಸುಳಿ ಹುಟ್ಟುವುದು ರೆಕ್ಕೆಯಿಂದ. ರೆಕ್ಕೆಯ ಕೆಳಗೆ ಒತ್ತಡ ಜಾಸ್ತಿ, ಮೇಲೆ ಕಡಿಮೆ. ವಿಮಾನ ಗಾಳಿಯಲ್ಲಿ ನಿಲ್ಲುವುದೇ ಈ ವ್ಯತ್ಯಾಸದಿಂದ. ಆದರೆ ರೆಕ್ಕೆಯ ತುದಿಯಲ್ಲಿ ತಡೆಯುವವರು ಯಾರೂ ಇಲ್ಲ. ಕೆಳಗಿನ ಗಾಳಿ ತುದಿಯನ್ನು ಸುತ್ತಿ ಮೇಲಕ್ಕೆ ನುಗ್ಗುತ್ತದೆ. ವಿಮಾನ ಮುಂದೆ ಹೋಗುತ್ತಲೇ ಇರುವುದರಿಂದ ಈ ಸುತ್ತುವಿಕೆ ಅದರ ಹಿಂದೆ ಎರಡು ಉದ್ದನೆಯ ಸುಳಿಗಳಾಗಿ ಉಳಿಯುತ್ತದೆ. ಹಿಂದಿನಿಂದ ನೋಡಿದರೆ ಎಡ ರೆಕ್ಕೆಯ ಸುಳಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಬಲ ರೆಕ್ಕೆಯದು ಅದಕ್ಕೆ ವಿರುದ್ಧವಾಗಿ. ಶರಾವತಿ ಹಿನ್ನೀರಿನಲ್ಲಿ ಲಾಂಚ್ ಹೋದ ಮೇಲೆ ಅದರ ಅಲೆ ತಡವಾಗಿ ಬಂದು ದಡದ ತೆಪ್ಪವನ್ನು ಅಲ್ಲಾಡಿಸುತ್ತದಲ್ಲ, ತಡವಾಗಿ ಬರುವ ವಿಷಯದಲ್ಲಿ ಇದೂ ಹಾಗೇ. ವ್ಯತ್ಯಾಸ ಏನೆಂದರೆ ಇದು ಕಣ್ಣಿಗೆ ಕಾಣುವುದಿಲ್ಲ, ಮತ್ತು ನಿಧಾನಕ್ಕೆ ಕೆಳಗಿಳಿಯುತ್ತದೆ.

ರೆಕ್ಕೆ ಭಾರ ಹೊರಲು ಶುರು ಮಾಡಿದ ಕ್ಷಣದಿಂದ ಭಾರ ಬಿಡುವ ಕ್ಷಣದವರೆಗೂ ಸುಳಿ ಹುಟ್ಟುತ್ತಲೇ ಇರುತ್ತದೆ. ಅಂದರೆ ಟೇಕಾಫ್‌ನಲ್ಲಿ ಮೂಗು ಎತ್ತಿದಾಗಿನಿಂದ, ಇಳಿಯುವಾಗ ಮೂಗಿನ ಚಕ್ರ ನೆಲಕ್ಕೆ ತಾಗುವವರೆಗೆ. ಇಂಜಿನ್ ಪೂರ್ತಿ ಬಂದ್ ಆಗಿದ್ದರೂ ರೆಕ್ಕೆ ಭಾರ ಹೊತ್ತಿದ್ದರೆ ಸುಳಿ ಇದ್ದೇ ಇರುತ್ತದೆ. ವಿಮಾನ ಭಾರ ಇದ್ದಷ್ಟೂ, ನಿಧಾನ ಇದ್ದಷ್ಟೂ ಸುಳಿಗೆ ಬಲ ಜಾಸ್ತಿ. ಇಳಿಯುವ ವಿಮಾನ ನಿಧಾನವಾಗಿಯೇ ಇರುತ್ತದೆ ಅನ್ನುವುದನ್ನು ಗಮನಿಸಿ.

ಸಾಗರದ ಮೇಷ್ಟ್ರು

ಇನ್ನೊಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಲೆಕ್ಕ ಹಾಕಿ ನೋಡಿದಾಗ ನನಗೇ ಆಶ್ಚರ್ಯ ಆಯಿತು.

ಎಟಿಆರ್ 72ರ ರೆಕ್ಕೆ ಈ ತುದಿಯಿಂದ ಆ ತುದಿಗೆ 27 ಮೀಟರ್. ಇಳಿಯುವಾಗ 22 ಟನ್ ತೂಕ, 115 ನಾಟ್ (ಗಂಟೆಗೆ ಸುಮಾರು 213 ಕಿಲೋಮೀಟರ್) ವೇಗ ಅಂತ ಇಟ್ಟುಕೊಳ್ಳೋಣ. ಎರಡು ಸುಳಿಗಳ ನಡುವೆ ಸುಮಾರು 21 ಮೀಟರ್ ಅಂತರ ಬರುತ್ತದೆ. ಒಂದು ಸುಳಿಯ ನಡುಬಿಂದುವಿನಿಂದ 5 ಮೀಟರ್ ದೂರದಲ್ಲಿ ಗಾಳಿಯ ವೇಗ ಸೆಕೆಂಡಿಗೆ ನಾಲ್ಕೂವರೆಯಿಂದ 5 ಮೀಟರ್ ಸಿಗುತ್ತದೆ. ಈಗ ಸೆಸ್ನಾ 172 ನೋಡಿ. ಅದರ ರೆಕ್ಕೆ ಒಟ್ಟು 11 ಮೀಟರ್. ಅಂದರೆ ಅದರ ಎರಡೂ ತುದಿ ಸುಳಿಯ ನಡುವಿನಿಂದ ಐದೈದು ಮೀಟರ್ ದೂರದಲ್ಲಿ ಸರಿಯಾಗಿ ಕೂರುತ್ತದೆ. ಒಂದು ತುದಿಯನ್ನು ಗಾಳಿ ಮೇಲಕ್ಕೆ ನೂಕುತ್ತದೆ, ಇನ್ನೊಂದನ್ನು ಕೆಳಕ್ಕೆ ಒತ್ತುತ್ತದೆ. ಸೆಸ್ನಾ ಇಳಿಯುವ ವೇಗ 65 ನಾಟ್, ಸೆಕೆಂಡಿಗೆ 33 ಮೀಟರ್ ಆಸುಪಾಸು. ಅದಕ್ಕೆ 5 ಮೀಟರ್ ಮೇಲ್ಮುಖ ಗಾಳಿ ಸೇರಿದರೆ ರೆಕ್ಕೆಗೆ ಗಾಳಿ ಬಡಿಯುವ ಕೋನವೇ 8 ಡಿಗ್ರಿಯಷ್ಟು ಬದಲಾಗುತ್ತದೆ. ಒಂದು ತುದಿಯಲ್ಲಿ 8 ಜಾಸ್ತಿ, ಇನ್ನೊಂದರಲ್ಲಿ 8 ಕಡಿಮೆ.

ಇದು ಸರಳ ಸೂತ್ರದ ಲೆಕ್ಕ. ನಿಜವಾದ ಗಾಳಿಯಲ್ಲಿ ಹೆಚ್ಚು ಕಡಿಮೆ ಆಗುತ್ತದೆ. ಆದರೆ ಚಿಕ್ಕ ವಿಮಾನಕ್ಕೇ ಯಾಕೆ ಪೆಟ್ಟು ಜಾಸ್ತಿ ಅನ್ನುವುದು ಇದರಲ್ಲಿ ಕಾಣುತ್ತದೆ. ದೊಡ್ಡ ವಿಮಾನದ ರೆಕ್ಕೆ ಸುಳಿಯಿಂದ ಹೊರಗೆ ಚಾಚಿರುತ್ತದೆ, ಅಲ್ಲಿ ಹಿಡಿತ ಸಿಗುತ್ತದೆ. ಚಿಕ್ಕದು ಪೂರ್ತಿ ಒಳಗೇ ಸಿಕ್ಕಿಕೊಳ್ಳುತ್ತದೆ.

ಶಿವಮೊಗ್ಗ ಪ್ಲೇನ್ ಪ್ರಿಯ

ಮೇಷ್ಟ್ರೇ, ನಿಮ್ಮ ಲೆಕ್ಕಕ್ಕೆ ಗೌರವ ಇದೆ. ಆದರೂ ಎಟಿಆರ್‌ಗೆ ಇಷ್ಟೆಲ್ಲ ಹೆದರಬೇಕಾ? ಅದು ಫ್ಯಾನ್ ಇರುವ ವಿಮಾನ. 747, ಎ380 ಹಿಂದೆ ಹೋದರೆ ಸರಿ, ಒಪ್ಪುತ್ತೇನೆ. ನಮ್ಮ ಊರಿಗೆ ಬರುವುದಕ್ಕೆ ಇದೆಲ್ಲ ಅನ್ವಯಿಸುತ್ತದೆ ಅಂತ ಅನ್ನಿಸುವುದಿಲ್ಲ.

ಇನ್‌ಸ್ಟ್ರಕ್ಟರ್, ಕೊಪ್ಪ ಮೂಲ

ಈ ಮಾತಿಗೆ ನಾನು ಉತ್ತರ ಕೊಡಲೇಬೇಕು, ಇದೇ ನಂಬಿಕೆ ಇಟ್ಟುಕೊಂಡು ಎಷ್ಟೋ ಹುಡುಗರು ನನ್ನ ಹತ್ತಿರ ಕಲಿಯಲು ಬರುತ್ತಾರೆ.

1990ರಲ್ಲಿ ನಾಸಾದವರು ವಾಲಪ್ಸ್ ದ್ವೀಪದಲ್ಲಿ ಒಂದು ಪ್ರಯೋಗ ಮಾಡಿದರು. ನೆಲದಿಂದ ಬಣ್ಣದ ಹೊಗೆ ಬಿಟ್ಟು ಅದರ ಮೂಲಕ ಹೊಲಕ್ಕೆ ಔಷಧಿ ಹೊಡೆಯುವ ವಿಮಾನವನ್ನು ಹಾರಿಸಿದರು. ಫೋಟೋ ಇಂಟರ್‌ನೆಟ್‌ನಲ್ಲಿ ಸುಲಭಕ್ಕೆ ಸಿಗುತ್ತದೆ, ನೋಡಿ. ಆ ಕೆಂಪು ಸುರುಳಿಯ ಮುಂದೆ ವಿಮಾನವೇ ಚಿಕ್ಕದಾಗಿ ಕಾಣುತ್ತದೆ. ಅದೂ ಫ್ಯಾನ್ ಇರುವ ವಿಮಾನವೇ, ಎಟಿಆರ್‌ಗಿಂತ ಎಷ್ಟೋ ಹಗುರ.

ಲೆಕ್ಕಕ್ಕೆ ಬರುವುದು ಹಿಂದಿನ ವಿಮಾನಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸ. ಸೆಸ್ನಾ 172ರ ತೂಕ ಜನ, ಇಂಧನ ಎಲ್ಲ ಸೇರಿ 1,100 ಕಿಲೋ ಚಿಲ್ಲರೆ. ಎಟಿಆರ್ ಅದರ ಇಪ್ಪತ್ತು ಪಟ್ಟು. ಸೋಗಾನೆಗೆ ಬಂದಿರುವ ಎಂಬ್ರೇಯರ್ 175 ಇಳಿಯುವಾಗ 34 ಟನ್‌ವರೆಗೂ ಇರಬಹುದು, ಅಂದರೆ ಮೂವತ್ತು ಪಟ್ಟು. ಎ380 ಹಿಂದೆ ಎ320 ಹೋಗುವಾಗಲೂ ಇಷ್ಟು ವ್ಯತ್ಯಾಸ ಇರುವುದಿಲ್ಲ.

ಇದು ಪುಸ್ತಕದ ಬದನೆಕಾಯಿ ಅಂದುಕೊಳ್ಳಬೇಡಿ. 1993ರ ಡಿಸೆಂಬರ್‌ನಲ್ಲಿ ಅಮೆರಿಕದ ಸಾಂತಾ ಆನಾದಲ್ಲಿ ವೆಸ್ಟ್‌ವಿಂಡ್ ಅನ್ನುವ ಚಿಕ್ಕ ಜೆಟ್ ಬೋಯಿಂಗ್ 757 ಹಿಂದೆ ಇಳಿಯಲು ಬರುತ್ತಿತ್ತು. ಸುಮಾರು ಎರಡು ಮೈಲಿ ಹಿಂದೆ ಇತ್ತು, ಮತ್ತು 757 ಬಂದ ಹಾದಿಗಿಂತ ಕೆಳಗಿತ್ತು. ಮಗುಚಿ ಬಿತ್ತು, ಒಳಗಿದ್ದ ಐದೂ ಜನ ತೀರಿಕೊಂಡರು. ಅದಕ್ಕೆ ಒಂದು ವರ್ಷ ಮೊದಲು ಅಮೆರಿಕದ್ದೇ ಬಿಲ್ಲಿಂಗ್ಸ್‌ನಲ್ಲಿ ಸೈಟೇಶನ್ ಅನ್ನುವ ಇನ್ನೊಂದು ಚಿಕ್ಕ ಜೆಟ್ ಹೀಗೇ 757 ಹಿಂದೆ ಬಿದ್ದಿತ್ತು. ಆಮೇಲೆ 757 ಹಿಂದೆ ಬಿಡಬೇಕಾದ ಅಂತರವನ್ನೇ ಅಲ್ಲಿ ಜಾಸ್ತಿ ಮಾಡಿದರು. 2008ರ ನವೆಂಬರ್‌ನಲ್ಲಿ ಮೆಕ್ಸಿಕೋ ಸಿಟಿಯಲ್ಲಿ ಬೋಯಿಂಗ್ 767 ಹಿಂದೆ ಇಳಿಯುತ್ತಿದ್ದ ಲಿಯರ್‌ಜೆಟ್ ಬಿತ್ತು. ಅದರಲ್ಲಿ ಆ ದೇಶದ ಗೃಹಮಂತ್ರಿ ಇದ್ದರು. ಇವೆಲ್ಲ ಸೆಸ್ನಾಗಿಂತ ಎಷ್ಟೋ ಭಾರದ, ಬಲದ ವಿಮಾನಗಳು. ಹಾರಿಸುತ್ತಿದ್ದವರೂ ಕಲಿಯುವ ಹುಡುಗರಲ್ಲ.

ಶಿವಮೊಗ್ಗ ಪ್ಲೇನ್ ಪ್ರಿಯ

ಸರಿ ಸರ್, ತೂಕದ ವ್ಯತ್ಯಾಸದ ಕಡೆಯಿಂದ ನಾನು ಯೋಚಿಸಿರಲಿಲ್ಲ. ಹಾಗಾದರೆ ಅಂತರ ಎಷ್ಟು ಅಂತ ನಿರ್ಧರಿಸುವವರು ಯಾರು? ಟವರ್‌ನವರಾ, ಪೈಲಟ್ಟಾ?

ನಿವೃತ್ತ ಎಟಿಸಿ

ಟವರ್‌ನಲ್ಲಿ ಕೂತು ವಿಮಾನಗಳ ಸಂಚಾರ ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು, ಹೇಳುತ್ತೇನೆ.

ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಟೇಕಾಫ್‌ಗೆ ಅನುಮತಿ ಇರುವ ಗರಿಷ್ಠ ತೂಕದ ಮೇಲೆ ವಿಮಾನಗಳಿಗೆ ವರ್ಗ ಇದೆ. 7,000 ಕಿಲೋವರೆಗೆ ಲೈಟ್. ಅದರ ಮೇಲೆ, 1,36,000 ಕಿಲೋಗಿಂತ ಕಡಿಮೆ ಇದ್ದರೆ ಮೀಡಿಯಂ. ಅದಕ್ಕಿಂತ ಮೇಲಿನದು ಹೆವಿ. ಎ380ಗೆ ಸೂಪರ್ ಅಂತ ಬೇರೆಯೇ ವರ್ಗ. ಎಟಿಆರ್ ಮೀಡಿಯಂ, ಎ320 ಕೂಡ ಮೀಡಿಯಂ. ಸೆಸ್ನಾ ಲೈಟ್. ರೇಡಾರ್ ಇರುವ ಕಡೆ ಮೀಡಿಯಂ ಹಿಂದೆ ಲೈಟ್ ಬಂದರೆ 5 ನಾಟಿಕಲ್ ಮೈಲಿ, ಹೆವಿ ಹಿಂದೆ 6, ಎ380 ಹಿಂದೆ 8. ಸಮಯದ ಲೆಕ್ಕದಲ್ಲಿ ಬಿಡುವುದಾದರೆ ಮೀಡಿಯಂ ಅಥವಾ ಹೆವಿ ಹಿಂದೆ ಇಳಿಯುವ ಲೈಟ್‌ಗೆ 3 ನಿಮಿಷ.

ಈಗ ಗಾಜನೂರಿನ ತಮ್ಮ ಕೇಳಿದ ಮುಖ್ಯ ಪ್ರಶ್ನೆ. ಕಣ್ಣಿನಿಂದ ನೋಡಿಕೊಂಡು ಹಾರುವ ವಿಮಾನಕ್ಕೆ, ಅಂದರೆ ವಿಎಫ್‌ಆರ್ ಹಾರಾಟಕ್ಕೆ, ಈ ಅಂತರವನ್ನು ಟವರ್ ಕೂರಿಸಿ ಕೊಡಬೇಕು ಅಂತಿಲ್ಲ. 'ಮುಂದಿನ ಎಟಿಆರ್ ಕಾಣ್ತಿದೆಯಾ?' ಅಂತ ಕೇಳುತ್ತಾರೆ. ಕಾಣ್ತಿದೆ ಅಂದ ಕೂಡಲೇ ಅದರ ಹಿಂದೆ ಎಷ್ಟು ದೂರ ಇರಬೇಕು, ಯಾವ ಎತ್ತರದಲ್ಲಿ ಬರಬೇಕು ಅನ್ನುವುದು ನಿನ್ನ ಜವಾಬ್ದಾರಿ ಆಯಿತು. ಎಚ್ಚರಿಕೆ ಅನ್ನುವ ಮಾತಿನ ಅರ್ಥ ಅದೇ. ಇಳಿಯಲು ಅನುಮತಿ ಅಂದರೆ ರನ್‌ವೇ ನಿನಗೆ ಖಾಲಿ ಇದೆ ಅಂತ, ಗಾಳಿ ಖಾಲಿ ಇದೆ ಅಂತ ಅಲ್ಲ. ಟವರ್‌ನಲ್ಲಿ ಕೂತವರಿಗೂ ಸುಳಿ ಕಾಣುವುದಿಲ್ಲ ತಮ್ಮಾ.

ಮನಸ್ಸಿಗೆ ಸರಿ ಅನ್ನಿಸದಿದ್ದರೆ ಕೇಳು. 'ಇನ್ನೊಂದು ಸುತ್ತು ಹಾಕಿ ಬರ್ತೇನೆ' ಅನ್ನು, 'ಅಂತರ ಜಾಸ್ತಿ ಬೇಕು' ಅನ್ನು. ನನ್ನ ಸರ್ವಿಸ್‌ನಲ್ಲಿ ಹಾಗೆ ಕೇಳಿದ ಒಬ್ಬ ಹುಡುಗನ ಮೇಲೂ ನಾವ್ಯಾರೂ ಸಿಟ್ಟಾಗಿದ್ದಿಲ್ಲ. ಕೇಳಲು ಸಂಕೋಚ ಪಟ್ಟುಕೊಂಡು ಸುಮ್ನೆ ಬರುವವರ ಬಗ್ಗೆಯೇ ನಮಗೆ ಚಿಂತೆ ಇರುತ್ತಿತ್ತು.

ಗಾಜನೂರು ಹುಡುಗ

ಸರ್, 'ರನ್‌ವೇ ಖಾಲಿ, ಗಾಳಿ ಅಲ್ಲ' ಅನ್ನುವುದು ಈಗ ಸ್ಪಷ್ಟ ಆಯಿತು. ತುಂಬಾ ಧನ್ಯವಾದ. ಈಗ ಹಾರಿಸುವ ವಿಷಯ. ಕೊಪ್ಪದ ಸರ್, ಎಟಿಆರ್ ಮುಂದೆ ಇದೆ, ನಾನು ಫೈನಲ್‌ನಲ್ಲಿ, ಅಂದರೆ ರನ್‌ವೇ ಕಡೆಗಿನ ಕೊನೆಯ ನೇರ ಹಾದಿಯಲ್ಲಿದ್ದೇನೆ. ಏನು ಮಾಡಲಿ?

ಇನ್‌ಸ್ಟ್ರಕ್ಟರ್, ಕೊಪ್ಪ ಮೂಲ

ಎರಡು ಕೆಲಸ. ಅದರ ಹಾದಿಗಿಂತ ಮೇಲೆ ಇರು. ಅದು ನೆಲ ಮುಟ್ಟಿದ ಜಾಗ ದಾಟಿ ನೆಲ ಮುಟ್ಟು. ಉಳಿದದ್ದೆಲ್ಲ ಈ ಎರಡರ ಒಳಗೇ ಬರುತ್ತದೆ.

ಸುಳಿ ಕೆಳಗಿಳಿಯುತ್ತದೆ ಅಂತ ಮೇಷ್ಟ್ರು ಹೇಳಿದರು. ದೊಡ್ಡ ಜೆಟ್‌ಗಳ ಸುಳಿ ನಿಮಿಷಕ್ಕೆ 300ರಿಂದ 500 ಅಡಿ ಇಳಿಯುತ್ತದೆ. ಎಟಿಆರ್‌ನದು ಅದಕ್ಕಿಂತ ನಿಧಾನ, 200 ಅಡಿ ಆಸುಪಾಸು ಅಂತಿಟ್ಟುಕೋ. ರನ್‌ವೇಗೆ ಎರಡು ಮೈಲಿ ಇದ್ದಾಗ ಎಟಿಆರ್ ಸುಮಾರು 640 ಅಡಿ ಎತ್ತರದಲ್ಲಿ ಹೋಗಿರುತ್ತದೆ. ನೀನು ಎರಡು ನಿಮಿಷ ಬಿಟ್ಟು ಅಲ್ಲಿಗೆ ಬಂದಾಗ ಸುಳಿ 240 ಅಡಿಗೆ ಇಳಿದಿರುತ್ತದೆ. ನೀನೂ 640ರಲ್ಲೇ ಇದ್ದರೆ ತೊಂದರೆ ಇಲ್ಲ. ಕಲಿಯುವವರಲ್ಲಿ ಕೆಲವರಿಗೆ ತಗ್ಗಿಸಿಕೊಂಡು, ಪವರ್ ಹಿಡಿದು ಎಳೆದುಕೊಂಡು ಬರುವ ಅಭ್ಯಾಸ ಇರುತ್ತದೆ. ಎರಡು ಮೈಲಿಯಲ್ಲೇ 300 ಅಡಿಗೆ ಬಂದಿರುತ್ತಾರೆ. ಅವರು ಸೀದಾ ಸುಳಿಯ ಒಳಗೇ ಬರುತ್ತಿರುತ್ತಾರೆ.

ರನ್‌ವೇ ಹತ್ತಿರ ಬಂದಾಗ ಕತೆ ಬೇರೆ. ಅಲ್ಲಿ ಎಟಿಆರ್ ಹಾರಿದ್ದೇ ನೂರು ಅಡಿಯಲ್ಲಿ. ಸುಳಿ ಇನ್ನೂ ಕೆಳಗೆ ಹೋಗಲು ಜಾಗ ಇಲ್ಲ, ನೆಲದ ಹತ್ತಿರವೇ ನಿಂತುಬಿಡುತ್ತದೆ. ಕೆಲವೊಮ್ಮೆ ನೆಲಕ್ಕೆ ಬಡಿದು ಸ್ವಲ್ಪ ಮೇಲಕ್ಕೂ ಏಳುತ್ತದೆ. ಅದಕ್ಕೇ ಅದೇ ಹಾದಿಯಲ್ಲಿ ಬಂದರೂ ಕೊನೆಯಲ್ಲಿ ಸಿಕ್ಕಿಕೊಳ್ಳಬಹುದು. ಮುಂದೆ ಇಳಿಯಬೇಕು ಅನ್ನುವುದು ಈ ಕಾರಣಕ್ಕೆ.

ಸೋಗಾನೆಯ ಉದಾಹರಣೆಯನ್ನೇ ತಗೋ. ಎಟಿಆರ್ ರನ್‌ವೇ ಶುರುವಿನಿಂದ 300-400 ಮೀಟರ್ ಒಳಗೆ ಚಕ್ರ ತಾಗಿಸಿತು ಅಂದುಕೋ. ಚಕ್ರದಿಂದ ಎದ್ದ ಹೊಗೆ ಎಲ್ಲಿ ಕಂಡಿತು ಅಂತ ನೋಡಿಟ್ಟುಕೋ. ಪಕ್ಕದ ಒಂದು ಟ್ಯಾಕ್ಸಿವೇಯೋ ಬೋರ್ಡೋ ಗುರುತು ಮಾಡಿಕೋ. ಮೂಗಿನ ಚಕ್ರ ಇಳಿಯುವವರೆಗೂ ಸುಳಿ ಹುಟ್ಟುತ್ತದೆ, ಹಾಗಾಗಿ ಇನ್ನಷ್ಟು ಮುಂದೆ, 800 ಮೀಟರ್ ಹತ್ತಿರ ಗುರಿ ಇಡು. ನಿನ್ನ ಗುರಿ 400 ಮೀಟರ್ ಮುಂದೆ ಹೋದರೆ ನಿನ್ನ ಇಡೀ ಹಾದಿ ಅದರ ಹಾದಿಗಿಂತ 70 ಅಡಿ ಮೇಲೆ ಬರುತ್ತದೆ. ಕೋನ ಬದಲಿಸದೆಯೇ ಸಿಗುವ ಎತ್ತರ ಇದು. ಪಕ್ಕದ ಪಾಪಿ (PAPI) ದೀಪ, ಅಂದರೆ ಇಳಿಯುವ ಹಾದಿಯ ಎತ್ತರ ಸರಿ ಇದೆಯಾ ಅಂತ ತೋರಿಸುವ ನಾಲ್ಕು ದೀಪಗಳ ಸಾಲು, ಹತ್ತಿರ ಬರುತ್ತಾ ನಾಲ್ಕೂ ಬಿಳಿ ತೋರಿಸುತ್ತದೆ. ಗಾಬರಿ ಬೇಡ, ಅದು ಎಟಿಆರ್ ಇಳಿಯುವ ಜಾಗಕ್ಕೆ ಹಾದಿ ತೋರಿಸುತ್ತಿದೆ. ಮೇಲಿದ್ದೀಯ ಅಂತ ಹೇಳುತ್ತಿದೆ, ನಿನಗೆ ಬೇಕಾಗಿರುವುದೂ ಅದೇ. 800 ಮೀಟರ್ ದಾಟಿ ಇಳಿದರೂ ಮುಂದೆ 2,400 ಮೀಟರ್ ಉಳಿಯುತ್ತದೆ. ಸೆಸ್ನಾ ನೆಲ ಮುಟ್ಟಿದ ಮೇಲೆ ನಿಲ್ಲಲು ಸುಮಾರು 200 ಮೀಟರ್ ಸಾಕು.

ಇಷ್ಟು ಉದ್ದದ ರನ್‌ವೇ ಸಿಕ್ಕಿರುವಾಗ ಶುರುವಿನಲ್ಲೇ ಇಳಿಯಬೇಕು ಅನ್ನುವ ಹಟ ಬೇಡ. ಸಾಮಾನ್ಯ ದಿನಗಳಲ್ಲಿ ಗುರಿ ಇಟ್ಟ ಜಾಗಕ್ಕೇ ಇಳಿಸು ಅಂತ ನಾವೇ ತಲೆಗೆ ತುಂಬಿರುತ್ತೇವೆ. ದೊಡ್ಡದರ ಹಿಂದೆ ಬಂದಾಗ ಆ ಜಾಗವೇ ಬದಲಾಗುತ್ತದೆ.

ಎಟಿಆರ್ ಇಳಿಯುತ್ತಿಲ್ಲ, ಟೇಕಾಫ್ ಆಗಿ ಹೋಯಿತು ಅಂದರೆ ಎಲ್ಲ ತಿರುಗಾಮುರುಗಾ. ಅದು ಮೂಗು ಎತ್ತಿದ ಜಾಗಕ್ಕಿಂತ ಬಹಳ ಹಿಂದೆಯೇ ನಿನ್ನ ಚಕ್ರ ನೆಲದಲ್ಲಿರಬೇಕು.

ಆಗುಂಬೆ ಮಳೆ

ನನ್ನದು ಹವಾಮಾನದ ಹುಚ್ಚು. ಗಾಳಿ ವಿಷಯ ಯಾರೂ ಎತ್ತಲಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ. ನಮ್ಮ ಕಡೆ ಜೂನ್-ಜುಲೈನಲ್ಲಿ ಪಡುವಣ ಗಾಳಿ ಹೇಗೆ ಬೀಸುತ್ತದೆ ಅಂತ ಎಲ್ಲರಿಗೂ ಗೊತ್ತು. ಅಂಥ ಗಾಳಿಯಲ್ಲಿ ಸುಳಿ ಇನ್ನೂ ಅಪಾಯ ಅಲ್ವಾ?

ಇನ್‌ಸ್ಟ್ರಕ್ಟರ್, ಕೊಪ್ಪ ಮೂಲ

ಒಳ್ಳೆಯ ಪ್ರಶ್ನೆ ಮಾರಾಯ್ರೆ. ಉತ್ತರ ನೀವು ಅಂದುಕೊಂಡದ್ದಕ್ಕೆ ಉಲ್ಟಾ.

ಜೋರು ಗಾಳಿ, ಕುಲುಕುವ ಗಾಳಿ ಸುಳಿಯನ್ನು ಬೇಗ ಚೂರು ಮಾಡುತ್ತದೆ. ಏಪ್ರಿಲ್ ಮಧ್ಯಾಹ್ನ ನೆಲ ಕಾದು ಬಿಸಿಗಾಳಿ ಏಳುವಾಗಲೂ ಹಾಗೇ. ವಿಮಾನ ಕುಲುಕುತ್ತದೆ, ಹೊಟ್ಟೆ ತೊಳಸುತ್ತದೆ, ಆದರೆ ಸುಳಿ ಜಾಸ್ತಿ ಹೊತ್ತು ಬದುಕುವುದಿಲ್ಲ. ಗುಡ್ಡ ದಾಟಿ ಬರುವ ಗಾಳಿಯ ತೊಂದರೆ ಬೇರೆಯೇ ಇದೆ, ಅದು ಇನ್ನೊಂದು ದಿನದ ಚರ್ಚೆ.

ಜನವರಿ ಬೆಳಿಗ್ಗೆ ನೆನಪು ಮಾಡಿಕೊಳ್ಳಿ. ಮಂಜು ಆಗಷ್ಟೇ ಎದ್ದಿದೆ, ಅಡಿಕೆ ಮರದ ಸೋಗೆ ಕೂಡ ಅಲುಗಾಡುತ್ತಿಲ್ಲ. ನೆಲದ ಹತ್ತಿರ ತಂಪು, ಮೇಲೆ ಬೆಚ್ಚಗೆ. ಕಲಿಯುವ ಹುಡುಗರಿಗೆ ಬಹಳ ಇಷ್ಟವಾಗುವ ಹೊತ್ತು ಇದು, ವಿಮಾನ ಒಂಚೂರೂ ಅಲ್ಲಾಡುವುದಿಲ್ಲ. ಸುಳಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಉಳಿಯುವುದೂ ಈ ಹೊತ್ತಿನಲ್ಲೇ. ಎರಡು ನಿಮಿಷ, ಕೆಲವೊಮ್ಮೆ ಅದಕ್ಕೂ ಜಾಸ್ತಿ.

ಅದಕ್ಕಿಂತ ಕೆಟ್ಟದ್ದು ಮೂರು ನಾಟ್ ಅಡ್ಡಗಾಳಿ. ನೆಲದ ಹತ್ತಿರ ಬಂದ ಎರಡು ಸುಳಿಗಳು ಒಂದಕ್ಕೊಂದು ದೂರ ಸರಿಯುತ್ತವೆ, ಎರಡು ಮೂರು ನಾಟ್ ವೇಗದಲ್ಲಿ. ಗಾಳಿ ಪೂರ್ತಿ ನಿಂತಿದ್ದರೆ ಎರಡೂ ರನ್‌ವೇ ಬಿಟ್ಟು ಆಚೀಚೆ ಹೋಗುತ್ತವೆ. ಎಡಗಡೆಯಿಂದ ಅಷ್ಟೇ ವೇಗದ ಗಾಳಿ ಬೀಸಿದರೆ ಬಲಗಡೆಯ ಸುಳಿ ಬೇಗ ಹೋಗುತ್ತದೆ. ಎಡಗಡೆಯದು ಎಡಕ್ಕೆ ಹೋಗಲೂ ಆಗದೆ, ಬಲಕ್ಕೆ ಹೋಗಲೂ ಆಗದೆ ರನ್‌ವೇ ಮೇಲೇ ನಿಲ್ಲುತ್ತದೆ. ಅದರ ಜೊತೆ ಸ್ವಲ್ಪ ಹಿಂದಿನಿಂದಲೂ ಗಾಳಿ ಇದ್ದರೆ, ನಿಂತ ಸುಳಿಯನ್ನು ನೀವು ಇಳಿಯಬೇಕು ಅಂದುಕೊಂಡ ಜಾಗಕ್ಕೇ ತಂದು ಇಡುತ್ತದೆ. ವಿಂಡ್‌ಸಾಕ್ (ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟುವ ಬಟ್ಟೆಯ ಚೀಲ) ಪೂರ್ತಿ ಉಬ್ಬಿ ನಿಲ್ಲಲು 15 ನಾಟ್ ಬೇಕು. ಮೂರು ನಾಟ್‌ಗೆ ಅದು ಜೋತು ಬಿದ್ದು ಸ್ವಲ್ಪ ತೂಗುತ್ತಿರುತ್ತದೆ ಅಷ್ಟೆ. ಗಾಳಿಯೇ ಇಲ್ಲ ಅಂತ ಎಲ್ಲರೂ ನಿರಾಳವಾಗಿರುತ್ತಾರೆ.

ಹೀಗೇ ಒಂದು ಬೆಳಿಗ್ಗೆ ನಾನು ಒಬ್ಬ ವಿದ್ಯಾರ್ಥಿನಿಯ ಪಕ್ಕ ಕೂತಿದ್ದೆ. ಊರು ಬೇಡ. ಮುಂದೆ ಒಂದು ಜೆಟ್ ಇಳಿದಿತ್ತು. ಹೇಳಿದಷ್ಟು ಹೊತ್ತು ಬಿಟ್ಟು, ಮೇಲಿನ ಹಾದಿಯಲ್ಲೇ ಬಂದಿದ್ದೆವು. ಎಡದಿಂದ ಸಣ್ಣ ಗಾಳಿ. ನೂರೈವತ್ತು ಅಡಿ ಹತ್ತಿರ ಮೊದಲು ಸೀಟಿನ ಕೆಳಗೆ ಎರಡು ಸಲ ಕಟಕಟ ಅಂತ ನಡುಕ ಬಂತು, ಹಳೆ ರಸ್ತೆಯ ಉಬ್ಬು ದಾಟಿದ ಹಾಗೆ. ಮರುಕ್ಷಣ ಬಲ ರೆಕ್ಕೆ ಕುಸಿಯಿತು. ಅವಳು ಕೂಡಲೇ ಕಂಟ್ರೋಲ್ ಪೂರ್ತಿ ಎಡಕ್ಕೆ ತಿರುಗಿಸಿದಳು, ಸರಿಯಾಗಿಯೇ ತಿರುಗಿಸಿದಳು. ವಿಮಾನ ಕೇಳಲಿಲ್ಲ. ಎಡಕ್ಕೆ ಪೂರ್ತಿ ತಿರುಗಿಸಿದ್ದರೂ ಬಲಕ್ಕೇ ವಾಲುತ್ತಿತ್ತು. ನಾನು ಥ್ರಾಟಲ್ ಪೂರ್ತಿ ಒತ್ತಿದೆ, ಮೂಗನ್ನು ಎಳೆಯದೆ ಹಿಡಿದೆ. ಎರಡು ಮೂರು ಸೆಕೆಂಡ್ ಇರಬಹುದು. ಆಮೇಲೆ ಹೇಗೆ ಬಂತೋ ಹಾಗೇ ಬಿಟ್ಟುಹೋಯಿತು. ರೆಕ್ಕೆ ಸಮ ಆಯಿತು, ಮೇಲೆ ಹತ್ತಿದೆವು, ಇನ್ನೊಂದು ಸುತ್ತು ಹಾಕಿ ಇಳಿದೆವು. ಅದೇ ಐವತ್ತು ಅಡಿಯಲ್ಲಿ ಆಗಿದ್ದರೆ ಆ ಎರಡು ಮೂರು ಸೆಕೆಂಡ್ ನಮಗೆ ಸಿಗುತ್ತಿರಲಿಲ್ಲ.

ಅಂದಿನಿಂದ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು ಖಡಾಖಂಡಿತ ಹೇಳುತ್ತೇನೆ. ದೊಡ್ಡದರ ಹಿಂದೆ ಬರುವಾಗ ಆ ಮೊದಲ ನಡುಕ ಬಂದರೆ ಏನು ಅಂತ ಯೋಚಿಸುತ್ತಾ ಕೂರಬೇಡಿ. ಪವರ್ ಕೊಟ್ಟು ಮೇಲೆ ಹೋಗಿ, ಗಾಳಿ ಬರುವ ಕಡೆಗೆ ಸ್ವಲ್ಪ ಸರಿಯಿರಿ.

ಸಾಗರದ ಮೇಷ್ಟ್ರು

ನೀವು ಹೇಳಿದ್ದು ಲೆಕ್ಕಕ್ಕೂ ಸರಿ ಹೊಂದುತ್ತದೆ. ಎಡಗಾಳಿಗೆ ರನ್‌ವೇ ಮೇಲೆ ನಿಲ್ಲುವುದು ಎಡ ಸುಳಿ. ಅದು ಹಿಂದಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ಒಳಗೆ ಸಿಕ್ಕ ವಿಮಾನದ ಬಲ ರೆಕ್ಕೆಯೇ ಕೆಳಗೆ ಹೋಗಬೇಕು.

ಮಂಡಗದ್ದೆಯಲ್ಲಿ ಸಂಜೆ ಹಕ್ಕಿಗಳು ಸಾಲು ಕಟ್ಟಿ ಬರುವುದನ್ನು ನೋಡಿದವರಿಗೆ ಒಂದು ವಿಷಯ. ಮುಂದಿನ ಹಕ್ಕಿಯ ರೆಕ್ಕೆ ತುದಿಯ ಸುಳಿಯಲ್ಲಿ ಹೊರಬದಿಯ ಗಾಳಿ ಮೇಲಕ್ಕೆ ಹೋಗುತ್ತದಲ್ಲ, ಓರೆ ಸಾಲಿನಲ್ಲಿ ಹಾರುವ ಹಕ್ಕಿ ಅದರ ಮೇಲೆ ತನ್ನ ರೆಕ್ಕೆ ಇಟ್ಟುಕೊಂಡು ಶ್ರಮ ಉಳಿಸುತ್ತದೆ. 2014ರಲ್ಲಿ ಐಬಿಸ್ ಜಾತಿಯ ಹಕ್ಕಿಗಳ ಬೆನ್ನಿಗೆ ಉಪಕರಣ ಕಟ್ಟಿ ಇದನ್ನು ಅಳೆದು ತೋರಿಸಿದರು. ನಮ್ಮ ವಿಮಾನಕ್ಕೆ ಆ ಸೂಕ್ಷ್ಮ ಇಲ್ಲ, ಹಾಗಾಗಿ ದೂರ ಇರುವುದೇ ಸರಿ.

ತೀರ್ಥಹಳ್ಳಿ ಅಮ್ಮ

ನನ್ನ ಮಗಳೂ ಪೈಲಟ್ ಆಗಲು ಕಲಿಯುತ್ತಿದ್ದಾಳೆ. ಇದನ್ನೆಲ್ಲ ಓದಿ ಎದೆ ಡವಡವ ಅನ್ನುತ್ತಿದೆ. ಅವಳು ಹಾರಿಸುವ ವಿಮಾನ ಇನ್ನೂ ಚಿಕ್ಕದು, ಎರಡೇ ಸೀಟು. ಇದನ್ನೆಲ್ಲ ಅವರಿಗೆ ಹೇಳಿಕೊಡುತ್ತಾರಾ? ನಾನು ಅವಳಿಗೆ ಏನು ಹೇಳಲಿ?

ನಿವೃತ್ತ ಎಟಿಸಿ

ಅಮ್ಮಾ, ಖಂಡಿತ ಹೇಳಿಕೊಡುತ್ತಾರೆ. ಲೈಸೆನ್ಸ್ ಪರೀಕ್ಷೆಯಲ್ಲೇ ಇದು ಇದೆ. ಮೊದಲು ಒಬ್ಬಳೇ ಹಾರುವಾಗ ಟವರ್‌ನವರಿಗೂ ಗೊತ್ತಿರುತ್ತದೆ, ಆ ಹೊತ್ತಿಗೆ ದೊಡ್ಡ ವಿಮಾನ ಇದ್ದರೆ ಅವಳನ್ನು ದೂರದಲ್ಲೇ ಸುತ್ತು ಹಾಕಿಸುತ್ತಾರೆ. ನೀವು ಹೇಳಬೇಕಾದದ್ದು ಒಂದೇ. ತಡ ಆಗುತ್ತದೆ, ಇಂಧನ ಖರ್ಚಾಗುತ್ತದೆ, ಗಂಟೆಯ ಲೆಕ್ಕದಲ್ಲಿ ದುಡ್ಡು ಹೋಗುತ್ತದೆ ಅಂತ ಯೋಚಿಸಿ ಅವಸರ ಮಾಡಬೇಡ ಅನ್ನಿ. ಎಷ್ಟೋ ಮಕ್ಕಳು ಮನೆಯವರ ಸಾಲ ನೆನೆಸಿಕೊಂಡೇ ಇನ್ನೊಂದು ಸುತ್ತು ಹಾಕಲು ಹಿಂಜರಿಯುತ್ತಾರೆ. ಆ ಭಾರ ಅವಳ ತಲೆಯಿಂದ ಇಳಿಸುವುದು ನಿಮ್ಮಿಂದ ಮಾತ್ರ ಆಗುತ್ತದೆ.

ತೀರ್ಥಹಳ್ಳಿ ಅಮ್ಮ

ಇವತ್ತೇ ಫೋನ್ ಮಾಡಿ ಹೇಳುತ್ತೇನೆ. ನಿಮಗೆಲ್ಲ ಒಳ್ಳೆಯದಾಗಲಿ.

ಶಿವಮೊಗ್ಗ ಪ್ಲೇನ್ ಪ್ರಿಯ

ಕೊಪ್ಪದ ಸರ್, ರೆಕ್ಕೆ ವಾಲಿದಾಗ ರಡ್ಡರ್ (ಬಾಲದಲ್ಲಿ ಎಡಕ್ಕೆ ಬಲಕ್ಕೆ ತಿರುಗುವ ಹಲಗೆ, ಕಾಲಿನಿಂದ ಒತ್ತುವುದು) ಜೋರಾಗಿ ಒತ್ತಿ ಎದ್ದೇಳಿಸಬಹುದು ಅಂತ ಎಲ್ಲೋ ಓದಿದ್ದೆ. ಸರೀನಾ?

ಇನ್‌ಸ್ಟ್ರಕ್ಟರ್, ಕೊಪ್ಪ ಮೂಲ

ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ಒತ್ತುವ ಕೆಲಸ ಯಾವತ್ತೂ ಬೇಡ. 2001ರ ನವೆಂಬರ್ 12ರಂದು ನ್ಯೂಯಾರ್ಕ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಎ300 ಟೇಕಾಫ್ ಆದ ಕೂಡಲೇ ಮುಂದೆ ಹೋಗಿದ್ದ 747ರ ಸುಳಿಗೆ ಸಿಕ್ಕಿತು. ಸುಳಿ ಅದನ್ನು ಬೀಳಿಸುವಷ್ಟು ಬಲವಾಗಿರಲಿಲ್ಲ. ಪೈಲಟ್ ರಡ್ಡರ್ ಅನ್ನು ಆಚೆಗೊಮ್ಮೆ ಈಚೆಗೊಮ್ಮೆ ಪೂರ್ತಿ ಒತ್ತಿದ್ದರಿಂದ ಬಾಲದ ನೇರ ರೆಕ್ಕೆಯೇ ಕಿತ್ತು ಬಂತು. ನೆಲದಲ್ಲಿದ್ದವರೂ ಸೇರಿ 265 ಜನ ಸತ್ತರು. ಏಲೆರಾನ್‌ನಿಂದ (ರೆಕ್ಕೆಯ ಹಿಂಬದಿಯ ಅಲುಗಾಡುವ ಹಲಗೆ) ರೆಕ್ಕೆ ಸಮ ಮಾಡು, ಜೊತೆಗೆ ಎಷ್ಟು ಬೇಕೋ ಅಷ್ಟು ರಡ್ಡರ್, ಮೂಗು ಎಳೆಯಬೇಡ, ಪವರ್ ಕೊಡು.

ಗಾಜನೂರು ಹುಡುಗ

ಕೊನೆಯ ಪ್ರಶ್ನೆ ಸರ್. ಎಟಿಆರ್ ಇಳಿಯಲು ಬಂದು, ಇಳಿಯದೆ ಗೋ ಅರೌಂಡ್ ಮಾಡಿ ಹೋಯಿತು ಅಂದುಕೊಳ್ಳಿ. ನಮ್ಮ ಕಡೆ ಮಂಜು ಮಳೆಗೆ ಅದು ಅಪರೂಪ ಏನಲ್ಲ. ಆಗ ಅದು ನೆಲ ಮುಟ್ಟಿದ ಜಾಗವೇ ಇಲ್ಲ. ನಾನು ಎಲ್ಲಿ ಇಳಿಯಲಿ?

ಇನ್‌ಸ್ಟ್ರಕ್ಟರ್, ಕೊಪ್ಪ ಮೂಲ

ಆಗ ರನ್‌ವೇಯ ಉದ್ದಕ್ಕೂ ಸುಳಿ ಇದೆ ಅಂತಲೇ ಇಟ್ಟುಕೋ. ಮುಂದೆ ಇಳಿಯುತ್ತೇನೆ ಅನ್ನುವ ಉಪಾಯ ನಡೆಯುವುದಿಲ್ಲ. 1972ರ ಮೇ 30ರಂದು ಟೆಕ್ಸಾಸ್‌ನ ಫೋರ್ಟ್‌ವರ್ತ್ ಹತ್ತಿರ ಇದೇ ಥರ ಆಯಿತು. ಡಿಸಿ-10 ಒಂದು ಚಕ್ರ ಮುಟ್ಟಿಸಿ ಮತ್ತೆ ಎದ್ದು ಹೋಗಿತ್ತು. ಹಿಂದೆ ತರಬೇತಿ ಹಾರಾಟದಲ್ಲಿದ್ದ ಡೆಲ್ಟಾದ ಡಿಸಿ-9 ರನ್‌ವೇ ಹತ್ತಿರ ಬರುವಾಗ ಮಗುಚಿತು. ಒಳಗಿದ್ದ ನಾಲ್ಕೂ ಜನ ಹೋದರು. ಡಿಸಿ-9 ಏನೂ ಚಿಕ್ಕ ವಿಮಾನವಲ್ಲ.

ಹಾಗಾಗಿ ಕನಿಷ್ಠ ಎರಡು ನಿಮಿಷ ಆ ರನ್‌ವೇ ಹತ್ತಿರ ಹೋಗಬೇಡ. ಗಾಳಿ ಇಲ್ಲದ ಬೆಳಿಗ್ಗೆ ಆದರೆ ಮೂರು ಬಿಡು. ಫೈನಲ್‌ಗೆ ತಿರುಗಿಲ್ಲದಿದ್ದರೆ ಡೌನ್‌ವಿಂಡ್ (ರನ್‌ವೇ ಪಕ್ಕದಲ್ಲೇ ಇಳಿಯುವ ದಿಕ್ಕಿಗೆ ವಿರುದ್ಧವಾಗಿ ಹಾರುವ ಹಾದಿ) ಉದ್ದ ಮಾಡು, ತಿರುಗಿಯಾಗಿದ್ದರೆ ಟವರ್‌ಗೆ ಹೇಳಿ ಪಕ್ಕಕ್ಕೆ ಸರಿದು ಸುತ್ತು ಹಾಕು. ಗೋ ಅರೌಂಡ್ ಮಾಡಿದ ಎಟಿಆರ್ ಮತ್ತೆ ಬರುತ್ತದೆ ಅನ್ನುವುದನ್ನೂ ಮರೆಯಬೇಡ. ಅದು ಎಲ್ಲಿದೆ ಅಂತ ಟವರ್‌ನವರನ್ನು ಕೇಳಿಕೊಂಡೇ ತಿರುಗು.

ನಿವೃತ್ತ ಎಟಿಸಿ

ಹೆಲಿಕಾಪ್ಟರ್ ವಿಷಯ ಒಂದು ಸಾಲು. ಚುನಾವಣೆ ಸಮಯದಲ್ಲಿ ನಮ್ಮ ಜಿಲ್ಲೆಯಲ್ಲೂ ಬರುತ್ತವಲ್ಲ. ನೆಲದ ಹತ್ತಿರ ತೇಲುತ್ತಾ ನಿಧಾನಕ್ಕೆ ಸರಿಯುವ ಹೆಲಿಕಾಪ್ಟರ್‌ನಿಂದ ಅದರ ಮೇಲೆ ತಿರುಗುವ ರೆಕ್ಕೆಯ ಈ ತುದಿಯಿಂದ ಆ ತುದಿಯವರೆಗಿನ ಅಗಲದ ಮೂರು ಪಟ್ಟು ದೂರ ಇರಬೇಕು. ಮುಂದಕ್ಕೆ ಹಾರುವಾಗ ಅದೂ ವಿಮಾನದ ಹಾಗೇ ಹಿಂದೆ ಎರಡು ಸುಳಿ ಬಿಟ್ಟುಹೋಗುತ್ತದೆ.

ಗಾಜನೂರು ಹುಡುಗ

ಎಲ್ಲರಿಗೂ ಧನ್ಯವಾದ. ರಜೆ ಮುಗಿಸಿ ಹೋದ ಮೇಲೆ ಇನ್‌ಸ್ಟ್ರಕ್ಟರ್ ಜೊತೆ ಕೂತು ನಮ್ಮ ರನ್‌ವೇ ಚಾರ್ಟ್ ಮೇಲೆ ಗುರುತು ಹಾಕುತ್ತೇನೆ, ಎಟಿಆರ್ ಎಲ್ಲಿ ಮುಟ್ಟುತ್ತದೆ, ನಾನು ಎಲ್ಲಿ ಮುಟ್ಟಬೇಕು ಅಂತ. ನಮ್ಮದು ಸೋಗಾನೆಯಷ್ಟು ಉದ್ದ ಇಲ್ಲ. ಅಲ್ಲಿ ಮುಂದೆ ಇಳಿಯಲು ಜಾಗ ಸಾಲದಿದ್ದರೆ?

ಇನ್‌ಸ್ಟ್ರಕ್ಟರ್, ಕೊಪ್ಪ ಮೂಲ

ಜಾಗ ಸಾಲದಿದ್ದರೆ ಹೊತ್ತು ತಗೋ. ಮೂರು ನಿಮಿಷ ಪೂರ್ತಿ ಬಿಡು. ಎಟಿಆರ್ ರನ್‌ವೇ ಮುಟ್ಟಿದಾಗ ಗಡಿಯಾರ ಒತ್ತಿ, ನೀನು ಮುಟ್ಟುವ ಹೊತ್ತಿಗೆ ಮೂರು ದಾಟಿದೆಯಾ ಅಂತ ನೋಡು. ಚಾರ್ಟ್ ಮೇಲೆ ಗುರುತು ಹಾಕಿದ ಮೇಲೆ ಇಲ್ಲಿ ಬರೆ, ಎಲ್ಲ ಸೇರಿ ನೋಡೋಣ.